ಮೂರ್ನಾಲ್ಕು ಎಕರೆ ಹುಲ್ಲಿಗೆ ಜೀರೋ ಟರ್ನ್ ಮೋವರ್: ಕೊಳ್ಳುವ ಮೊದಲು ಬಗ್ಗಿ ನೋಡಿ

ಅಮೆರಿಕದಲ್ಲಿ ಊರಾಚೆ ಜಾಗ ತಗೊಂಡ ಕನ್ನಡದವರು ಈಗ ತುಂಬ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಏಪ್ರಿಲ್ ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಯಾವ ಮೋವರ್ ತಗೊಳ್ಳಲಿ? ಐದಾರು ಸಾವಿರ ಡಾಲರ್ ಒಳಗೆ ಹೇಳು." ಮೋವರ್ ಅಂದರೆ ಹುಲ್ಲು ಕತ್ತರಿಸುವ ಗಾಡಿ. ಮೇಲೆ ಕೂತು ಓಡಿಸುವ, ಸಾಮಾನ್ಯವಾಗಿ ಎರಡು ಲೀವರ್ ಇರುವ, ನಿಂತಲ್ಲೇ ಪೂರ್ತಿ ಸುತ್ತು ತಿರುಗುವ ಮೋವರೇ ಜೀರೋ ಟರ್ನ್. ಬ್ರ್ಯಾಂಡ್ ಹೆಸರು ಒಂದು ಹೇಳಿ ಮುಗಿಸಬಹುದು. ಆದರೆ ಅದರಿಂದ ಅವರಿಗೆ ಉಪಯೋಗ ಆಗುವುದಿಲ್ಲ. ಒಂದೇ ಬ್ರ್ಯಾಂಡಿನಲ್ಲಿ ಮೂರು ಸಾವಿರದ್ದೂ ಇರುತ್ತದೆ, ಹದಿಮೂರು ಸಾವಿರದ್ದೂ ಇರುತ್ತದೆ. ಬಣ್ಣ ಒಂದೇ, ಒಳಗಿನ ಮೆಷಿನ್ ಬೇರೆ.

ನಾವಿರುವುದು ನಾರ್ತ್ ಕ್ಯಾರೊಲಿನಾದ ಚಾಥಮ್ ಕೌಂಟಿಯಲ್ಲಿ, ರಾಲಿಯಿಂದ ಪಶ್ಚಿಮಕ್ಕೆ. ಐದು ಎಕರೆಯಲ್ಲಿ ಒಂದಿಷ್ಟು ಪೈನ್ ಮತ್ತು ಹಿಕರಿ ಕಾಡು. ಉಳಿದ ಮೂರೂವರೆ ಎಕರೆ ಬರೀ ಹುಲ್ಲು. ಅಂದರೆ ನಮ್ಮ ಲೆಕ್ಕದಲ್ಲಿ 140 ಗುಂಟೆ. ಬೆಂಗಳೂರಿನ 30-40 ಸೈಟುಗಳ ಲೆಕ್ಕದಲ್ಲಿ ನೂರಿಪ್ಪತ್ತಕ್ಕೂ ಜಾಸ್ತಿ. ಕೆಂಪು ಜೇಡಿ ಮಣ್ಣು, ಹಿಂದೆ ದನ ಮೇಯುತ್ತಿದ್ದ ಜಾಗ, ಅಲ್ಲಲ್ಲಿ ಉಬ್ಬುತಗ್ಗು, ಕೆಳಗಡೆ ಒಂದು ಸಣ್ಣ ಕೆರೆ. ಮನೆಯಲ್ಲಿ ಮೋವರ್ ಓಡಿಸುವುದು ನಾನೇ. ಸಾಗರದ ಕಡೆಯ ತೋಟದ ಮನೆಯವಳು, ಮೆಷಿನ್ ಅಂದರೆ ಚಿಕ್ಕಂದಿನಿಂದ ಇಷ್ಟ. ಹಾಗಾಗಿ ಈ ವಿಷಯ ನನಗೆ ಮನಸ್ಸಿಗೆ ಹತ್ತಿರದ್ದು.

ಮೊದಲೇ ಹೇಳಿಬಿಡುತ್ತೇನೆ. ಮಧ್ಯಮ ಬೆಲೆಯ ಜೀರೋ ಟರ್ನ್‌ನಲ್ಲಿ ನೀವು ದುಡ್ಡು ಕೊಡಬೇಕಾದದ್ದು ಚಕ್ರ ತಿರುಗಿಸುವ ಹೈಡ್ರೋಗೆ. ಎಂಜಿನ್ನಿನ ಹಾರ್ಸ್‌ಪವರ್, ಕಪ್ ಹೋಲ್ಡರ್, ಎತ್ತರದ ಸೀಟು ಇವೆಲ್ಲ ಆಮೇಲೆ. ಅಂಗಡಿಯಲ್ಲಿ ಎಲ್ಲರೂ ಸೀಟಿನ ಮೇಲೆ ಕೂತು ನೋಡುತ್ತಾರೆ. ನೀವು ಮಾತ್ರ ನೆಲಕ್ಕೆ ಬಗ್ಗಿ ನೋಡಿ.

ಮೊದಲು ನಿಮ್ಮ ಜಾಗವನ್ನು ಅಳೆಯಿರಿ

ಡೀಲರ್ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಮಾಡುವ ಕೆಲಸ ಇದೆ. ಪತ್ರದಲ್ಲಿರುವ ಎಕರೆ ಬೇಡ, ನಿಜವಾಗಿ ಕತ್ತರಿಸುವ ಎಕರೆ ಬೇಕು. ಗೂಗಲ್ ಅರ್ಥ್‌ನಲ್ಲಿ ಅಂಚಿನ ಸುತ್ತ ಗೆರೆ ಎಳೆದರೆ ಅದೇ ವಿಸ್ತೀರ್ಣ ಹೇಳುತ್ತದೆ. ಮನೆ, ಡ್ರೈವ್‌ವೇ, ಮರಗಳು, ಕೆರೆ ಕಳೆಯಿರಿ. ಐದು ಎಕರೆ ಅಂದುಕೊಂಡವರದ್ದು ಎಷ್ಟೋ ಸಲ ಮೂರಕ್ಕೆ ಇಳಿಯುತ್ತದೆ.

ಆಮೇಲೆ ಇಳಿಜಾರು. ಇದನ್ನು ಕಣ್ಣಳತೆಯಲ್ಲಿ ಹೇಳಬಾರದು. ಉದ್ದನೆಯ ನೇರ ಹಲಗೆಯೊಂದನ್ನು ಇಳಿಜಾರಿನ ಮೇಲೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು, ಲೆವೆಲ್ ಆ್ಯಪ್ ತೆರೆಯಿರಿ. ಹೆಚ್ಚಿನ ಜೀರೋ ಟರ್ನ್‌ಗಳ ಕೈಪಿಡಿಯಲ್ಲಿ 15 ಡಿಗ್ರಿ ಮೀರಬೇಡಿ ಅಂತ ಇರುತ್ತದೆ. ಕೆಲವದರಲ್ಲಿ ಇನ್ನೂ ಕಡಿಮೆ. 15 ಡಿಗ್ರಿ ಅಂದರೆ ಹತ್ತು ಅಡಿ ಮುಂದೆ ಹೋದಾಗ ಸುಮಾರು 2.7 ಅಡಿ ಏರುವುದು. ನೋಡುವುದಕ್ಕೆ ಅಷ್ಟೇನೂ ಕಡಿದು ಅನ್ನಿಸುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಯಾಕೆ ಅಪಾಯ ಅಂತ ಬಿಡಿಸಿ ಹೇಳಬೇಕು. ಜೀರೋ ಟರ್ನ್‌ನಲ್ಲಿ ಮುಂದಿನ ಎರಡು ಸಣ್ಣ ಚಕ್ರಗಳಿಗೆ ಯಾವ ಕೆಲಸವೂ ಇಲ್ಲ. ಎಳೆದತ್ತ ತಿರುಗುತ್ತವೆ, ಅಷ್ಟೇ. ಗಾಡಿಯನ್ನು ಓಡಿಸುವುದು, ತಿರುಗಿಸುವುದು, ನಿಲ್ಲಿಸುವುದು ಮೂರೂ ಹಿಂದಿನ ಚಕ್ರಗಳೇ. ಎಡಗೈ ಲೀವರ್ ಎಡ ಚಕ್ರಕ್ಕೆ, ಬಲಗೈದು ಬಲ ಚಕ್ರಕ್ಕೆ. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿತು ಅಂದರೆ ಸ್ಟೀರಿಂಗೂ ಹೋಯಿತು, ಬ್ರೇಕೂ ಹೋಯಿತು, ಎರಡೂ ಒಂದೇ ಕ್ಷಣದಲ್ಲಿ. ಕೆಳಗಡೆ ಕೆರೆ ಇದ್ದರೆ ಗಾಡಿ ಸೀದಾ ಕೆರೆಗೆ. ನಮ್ಮ ಕೆರೆಯ ಏರಿಗೆ ನಾನು ಜೀರೋ ಟರ್ನ್ ಒಯ್ಯುವುದೇ ಇಲ್ಲ. ನೀರಿನ ಅಂಚಿನಿಂದ ದೂರಕ್ಕೆ ಒಂದು ಗಡಿ ಇಟ್ಟುಕೊಂಡಿದ್ದೇನೆ. ಅದರ ಆಚೆಗೆ ಕೈಯಲ್ಲಿ ಹಿಡಿಯುವ ವೀಡ್ ಕಟರ್ ಮಾತ್ರ. ನೀವೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ, ದಯವಿಟ್ಟು.

ನಿಮ್ಮ ಜಾಗದಲ್ಲಿ ಅರ್ಧಕ್ಕರ್ಧ ಇಳಿಜಾರೇ ಇದ್ದರೆ, ಜೀರೋ ಟರ್ನ್ ಯೋಚನೆ ಬಿಡಿ. ಸಾಧಾರಣ ಲಾನ್ ಟ್ರ್ಯಾಕ್ಟರ್ ನೋಡಿ. ಇಲ್ಲವೇ ಲೀವರ್ ಬದಲು ಸ್ಟೀರಿಂಗ್ ಚಕ್ರ ಇರುವ, ಅದನ್ನು ತಿರುಗಿಸಿದತ್ತ ಮುಂದಿನ ಚಕ್ರವೂ ತಿರುಗುವ ಜೀರೋ ಟರ್ನ್ ನೋಡಿ. ಕಬ್ ಕೆಡೆಟ್‌ನವರು ಅಂಥದ್ದನ್ನು ಮಾಡುತ್ತಾರೆ. ಅದಕ್ಕೂ ಕೈಪಿಡಿಯ ಮಿತಿ ಇದ್ದೇ ಇದೆ.

ಗೇಟುಗಳನ್ನೂ ಅಳೆಯಿರಿ. 48 ಇಂಚಿನ ಡೆಕ್ 48 ಇಂಚಿನ ಗೇಟಿನಲ್ಲಿ ಹೋಗುವುದಿಲ್ಲ. ಡೆಕ್ ಅಂದರೆ ಗಾಡಿಯ ಕೆಳಗೆ ಬ್ಲೇಡುಗಳನ್ನು ಮುಚ್ಚಿರುವ ತಗಡಿನ ಹೊದಿಕೆ. ಅದರ ಅಳತೆ ಅಂದರೆ ಹುಲ್ಲು ಕತ್ತರಿಸುವ ಅಗಲ. ಹುಲ್ಲು ಹೊರಗೆ ಚೆಲ್ಲುವ ರೆಕ್ಕೆ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಅದನ್ನು ಸೇರಿಸಿದರೆ ಸುಮಾರು ಒಂದಡಿ ಜಾಸ್ತಿ. ಸೆಪ್ಟಿಕ್ ಪೈಪುಗಳು ಹರಡಿರುವ ಜಾಗ ಎಲ್ಲಿದೆ ಅಂತಲೂ ತಿಳಿದುಕೊಳ್ಳಿ. ಈ ಗಾಡಿಗಳ ತೂಕ 320 ಕೆ.ಜಿ.ಯಿಂದ 450 ಕೆ.ಜಿ. ವರೆಗೆ ಇರುತ್ತದೆ. ಮಳೆ ಬಿದ್ದ ಮರುದಿನ ಜೇಡಿ ಮಣ್ಣಿನ ಮೇಲೆ ಓಡಿಸಿದರೆ ಚಕ್ರದ ಗುರುತು ವರ್ಷಗಟ್ಟಲೆ ಉಳಿಯುತ್ತದೆ.

ಡೆಕ್ ಎಷ್ಟು ಅಗಲ ಬೇಕು

ಇಲ್ಲಿ ಒಂದು ಸುಲಭ ಲೆಕ್ಕ ಇದೆ. ಗಂಟೆಗೆ ಎಷ್ಟು ಮೈಲಿ ಅನ್ನುವುದನ್ನು ಡೆಕ್ಕಿನ ಇಂಚಿನಿಂದ ಗುಣಿಸಿ, 99ರಿಂದ ಭಾಗಿಸಿ. ಗಂಟೆಗೆ ಎಷ್ಟು ಎಕರೆ ಅಂತ ಬರುತ್ತದೆ. ತಿರುಗುವುದು, ಒಂದರ ಮೇಲೊಂದು ಪಟ್ಟಿ ಬರುವುದು ಇರುತ್ತದಲ್ವಾ, ಅದಕ್ಕೆ ಐದನೇ ಒಂದು ಪಾಲು ಕಳೆಯಿರಿ.

42 ಇಂಚು, ಗಂಟೆಗೆ 5 ಮೈಲಿ ಅಂದರೆ ಗಂಟೆಗೆ 1.7 ಎಕರೆ. ನಮ್ಮ ಮೂರೂವರೆ ಎಕರೆಗೆ ಎರಡು ಗಂಟೆ. 54 ಇಂಚು, 6 ಮೈಲಿ ಅಂದರೆ 2.6 ಎಕರೆ. ಒಂದು ಗಂಟೆ ಇಪ್ಪತ್ತು ನಿಮಿಷ. ಅದೇ ವೇಗದಲ್ಲಿ 60 ಇಂಚಿಗೆ ಹೋದರೆ 2.9 ಎಕರೆ, ಒಂದು ಗಂಟೆ ಹನ್ನೆರಡು ನಿಮಿಷ. ನೋಡಿ, 42ರಿಂದ 54ಕ್ಕೆ ಹೋದಾಗ, ಒಂದು ಮೈಲಿ ವೇಗ ಹೆಚ್ಚಿದ್ದೂ ಸೇರಿ, ನಲವತ್ತು ನಿಮಿಷ ಉಳಿಯಿತು. 54ರಿಂದ 60ಕ್ಕೆ ಹೋದಾಗ ಬರೀ ಎಂಟು ನಿಮಿಷ. ಆ ಎಂಟು ನಿಮಿಷಕ್ಕೆ ನೀವು ಐನೂರೋ ಸಾವಿರವೋ ಡಾಲರ್ ಜಾಸ್ತಿ ಕೊಡುತ್ತೀರಿ. ಅದೂ ಅಲ್ಲದೆ ಉಬ್ಬುತಗ್ಗಿನ ನೆಲದಲ್ಲಿ ಅಗಲದ ಡೆಕ್ ಉಬ್ಬಿದ ಕಡೆ ಹುಲ್ಲನ್ನು ಬುಡಮಟ್ಟ ಬೋಳಿಸುತ್ತದೆ. ಎರಡರಿಂದ ಐದು ಎಕರೆಗೆ 48ರಿಂದ 54 ಇಂಚು ಸಾಕು. ನನ್ನದು 54.

ವೇಗದ ಬಗ್ಗೆಯೂ ಒಂದು ಮಾತು. ಜಾಹೀರಾತಿನಲ್ಲಿ ಗಂಟೆಗೆ 8 ಮೈಲಿ, 9 ಮೈಲಿ ಅಂತ ಬರೆದಿರುತ್ತಾರೆ. ಅದು ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಖಾಲಿ ಓಡುವ ವೇಗ. ಏಪ್ರಿಲ್‌ನ ದಪ್ಪ ಫೆಸ್ಕ್ಯೂ ಹುಲ್ಲಿನಲ್ಲಿ ನಾಲ್ಕು ಐದು ಮೈಲಿ ದಾಟಿದರೆ ಹುಲ್ಲು ಕತ್ತರಿಸುವ ಬದಲು ಬಾಗಿ ಮಲಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಎದ್ದು ನಿಂತಿರುತ್ತದೆ.

ಈಗ ಬಗ್ಗಿ ನೋಡಿ

ಡೀಲರ್ ಅಂಗಳದಲ್ಲಿ ನಾನು ಮಾಡುವ ಮೊದಲ ಕೆಲಸ, ಹಿಂದಿನ ಚಕ್ರದ ಪಕ್ಕ ನೆಲದ ಮೇಲೆ ಕೂತು ಫೋನಿನ ಟಾರ್ಚ್ ಬಿಡುವುದು. ಚಕ್ರದ ಒಳಬದಿಗೆ ಅಂಟಿಕೊಂಡ ಹಾಗೆ ಅಲ್ಯೂಮಿನಿಯಂ ಪೆಟ್ಟಿಗೆಯೊಂದು ಕಾಣುತ್ತದೆ. ಎಡಕ್ಕೊಂದು, ಬಲಕ್ಕೊಂದು. ಮೇಲೆ ಕಪ್ಪು ಪ್ಲಾಸ್ಟಿಕ್ ಫ್ಯಾನ್, ಅದರ ಹತ್ತಿರ ಪುಲ್ಲಿ, ಪುಲ್ಲಿಯ ಸುತ್ತ ಎಂಜಿನ್‌ನಿಂದ ಬಂದ ಬೆಲ್ಟ್. ಇದೇ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಆ್ಯಕ್ಸಲ್. ಎಲ್ಲರೂ ಹೈಡ್ರೋ ಅನ್ನುತ್ತಾರೆ. ಮಧ್ಯಮ ಬೆಲೆಯ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇದು ಬರುವುದು ಇಲಿನಾಯ್‌ನ ಸಲಿವನ್ ಊರಿನ ಹೈಡ್ರೋ-ಗಿಯರ್ ಕಂಪನಿಯಿಂದ. ಹಸಿರು ಗಾಡಿ, ಕೆಂಪು ಗಾಡಿ, ಕಿತ್ತಳೆ ಗಾಡಿ ಯಾವುದೇ ಇರಲಿ, ಕೆಳಗೆ ಅದೇ ಹೆಸರು ಕಾಣುವುದು ಮಾಮೂಲು.

ಕೆಲಸ ಮಾಡುವ ರೀತಿ ಚೆನ್ನಾಗಿದೆ. ಬೆಲ್ಟ್ ಒಳಗಿನ ಪಂಪನ್ನು ತಿರುಗಿಸುತ್ತದೆ. ಪಂಪಿನೊಳಗೆ ಸಣ್ಣ ಪಿಸ್ಟನ್‌ಗಳು, ಅವುಗಳ ತಲೆಗೆ ತಾಗಿದ ಹಾಗೆ ಒಂದು ಓರೆ ತಟ್ಟೆ. ನೀವು ಲೀವರ್ ಮುಂದಕ್ಕೆ ತಳ್ಳಿದರೆ ಆ ತಟ್ಟೆ ಓರೆಯಾಗುತ್ತದೆ. ಓರೆಯಾದಷ್ಟೂ ಪಿಸ್ಟನ್ ಜಾಸ್ತಿ ಎಣ್ಣೆ ತಳ್ಳುತ್ತದೆ, ಚಕ್ರ ಜೋರಾಗಿ ತಿರುಗುತ್ತದೆ. ಹಿಂದಕ್ಕೆ ಎಳೆದರೆ ತಟ್ಟೆ ಆ ಕಡೆ ಓರೆ, ಚಕ್ರ ಹಿಂದಕ್ಕೆ. ಗಿಯರ್ ಬದಲಿಸುವ ಮಾತೇ ಇಲ್ಲ. ಎಲ್ಲ ಎಣ್ಣೆಯ ಒತ್ತಡದ ಮೇಲೆ ನಡೆಯುತ್ತದೆ. ಹಾಗಾಗಿ ಶತ್ರು ಒಂದೇ, ಬಿಸಿ. ಬಿಸಿಯಾದರೆ ಎಣ್ಣೆ ತೆಳ್ಳಗಾಗುತ್ತದೆ, ಸಂದಿಯಲ್ಲಿ ನುಸುಳುತ್ತದೆ, ತಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಘಾಟಿ ಹತ್ತುವಾಗ ಹಳೇ ಬಸ್ಸು ಏದುಸಿರು ಬಿಡುವುದಿಲ್ಲವೇ, ಜುಲೈ ಬಿಸಿಲಲ್ಲಿ ಸಣ್ಣ ಹೈಡ್ರೋ ಏರು ಹತ್ತುವುದು ಹಾಗೇ ಇರುತ್ತದೆ.

ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿರುವ ನಂಬರೇ ಮುಖ್ಯ. ಝಡ್‌ಟಿ-2200 ಅಂತ ಇದ್ದರೆ ಅದು ಆರಂಭದ ದರ್ಜೆಯದು. ಇಝಡ್‌ಟಿ ಅಂತಲೂ ಕರೆಯುತ್ತಾರೆ. ಹೊರಗೆ ಬಿಚ್ಚಿ ಹಾಕುವ ಫಿಲ್ಟರ್ ಇಲ್ಲ. ಎಣ್ಣೆ ಬದಲಿಸುವುದೇ ಬೇಡ ಅಂತ ಮಾರುತ್ತಾರೆ. ಸಮತಟ್ಟಾದ ಒಂದು ಒಂದೂವರೆ ಎಕರೆಗೆ ಅದು ಸಾಕು, ಅದರಲ್ಲಿ ತಪ್ಪೇನಿಲ್ಲ. ಮೂರು ನಾಲ್ಕು ಎಕರೆಗೆ ಮಾತ್ರ ಬೇಡ. ಝಡ್‌ಟಿ-2800ರಿಂದ ಮೇಲಕ್ಕೆ ಅಂಗೈಯಲ್ಲಿ ಮುಚ್ಚಬಹುದಾದಷ್ಟು ಸಣ್ಣ ಫಿಲ್ಟರ್ ಇರುತ್ತದೆ. ಎಣ್ಣೆ, ಫಿಲ್ಟರ್ ಎರಡನ್ನೂ ಮನೆಯಲ್ಲೇ ಬದಲಿಸಬಹುದು. ಅದರ ಮೇಲೆ ಝಡ್‌ಟಿ-3100, ಆಮೇಲೆ ಝಡ್‌ಟಿ-3400. ಇನ್ನೂ ಮೇಲಿನವು ದಿನವಿಡೀ ಹುಲ್ಲು ಕತ್ತರಿಸುವುದನ್ನೇ ಕಸುಬಾಗಿ ಮಾಡಿಕೊಂಡವರಿಗೆ.

ನನ್ನ ನಿಯಮ ಹೀಗಿದೆ. ಸಮತಟ್ಟು ನೆಲ, ಮೂರು ಎಕರೆ ತನಕ ಆದರೆ 2800. ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ಏರುತಗ್ಗು ಇದ್ದರೆ 3100. ಐನೂರು ಡಾಲರ್ ಎಲ್ಲಿ ಜಾಸ್ತಿ ಹಾಕಲಿ ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಇದನ್ನೇ: ಹೈಡ್ರೋ ಒಂದು ಮೆಟ್ಟಿಲು ಮೇಲಿನದು ತಗೊಳ್ಳಿ.

ಕೊಂಡ ಎರಡನೇ ವರ್ಷವೇ ಒಂದು ಚಕ್ರ ನಿಧಾನವಾಗಿ, ಗಾಡಿ ಒಂದೇ ಕಡೆ ಎಳೆಯಲು ಶುರು ಮಾಡಿದ್ದನ್ನು ನಮ್ಮ ಪಕ್ಕದ ಜಾಗದವರದ್ದರಲ್ಲಿ ಕಣ್ಣಾರೆ ನೋಡಿದ್ದೇನೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿ. ಒಂದು ಗಂಟೆ ಓಡಿದ ಮೇಲೆ ಏರಿನಲ್ಲಿ ಎಡ ಚಕ್ರ ತಡವರಿಸುತ್ತಿತ್ತು. ಎಂಜಿನ್ ಗಟ್ಟಿಮುಟ್ಟು, 24 ಹಾರ್ಸ್‌ಪವರ್. ಆದರೆ ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವ ಪೆಟ್ಟಿಗೆ ಚಿಕ್ಕದು, ಜಾಗ ಆರು ಎಕರೆ. ರಿಪೇರಿ ಖರ್ಚು ಕೇಳಿದ ಮೇಲೆ ಅವರು ಹೊಸದನ್ನೇ ತಗೊಂಡರು.

ಇನ್ನೊಂದು ವಿಷಯ. ಟ್ರೇಲರ್ ಕಟ್ಟಿ ಮಣ್ಣು, ಗೊಬ್ಬರ ಎಳೆಯುವ ಆಸೆ ನಮ್ಮವರಿಗೆ ಜಾಸ್ತಿ. ಜೀರೋ ಟರ್ನ್ ಅದಕ್ಕಲ್ಲ. ಎಷ್ಟು ತೂಕ ಎಳೆಯಬಹುದು ಅಂತ ಕೈಪಿಡಿಯಲ್ಲಿ ನೋಡಿ, ಅದು ತುಂಬ ಕಡಿಮೆ ಇರುತ್ತದೆ. ಎಳೆಯುವ ಕೆಲಸವೇ ಜಾಸ್ತಿ ಇದ್ದರೆ ಗಾರ್ಡನ್ ಟ್ರ್ಯಾಕ್ಟರ್ ತಗೊಳ್ಳಿ.

ಡೆಕ್ಕಿನ ತಗಡು, ಸ್ಪಿಂಡಲ್

ಬಗ್ಗಿದ್ದೀರಲ್ಲ, ಹಾಗೇ ಡೆಕ್ಕನ್ನೂ ನೋಡಿ. ಡೆಕ್ ಎರಡು ಥರ. ಒಂದೇ ತಗಡನ್ನು ಒತ್ತಿ ಆಕಾರ ಕೊಟ್ಟದ್ದು ಸ್ಟ್ಯಾಂಪ್ಡ್. ತಗಡಿನ ತುಂಡುಗಳನ್ನು ಬೆಸುಗೆ ಹಾಕಿ ಕಟ್ಟಿದ್ದು ಫ್ಯಾಬ್ರಿಕೇಟೆಡ್. ಅಂಚಿನಲ್ಲಿ ಬೆಸುಗೆಯ ಗೆರೆ ಬೆರಳಿಗೆ ಸಿಕ್ಕಿದರೆ ಎರಡನೆಯದು. ತಗಡಿನ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ಇಲ್ಲಿ ಲೆಕ್ಕ ಉಲ್ಟಾ, ಅಂಕಿ ಕಡಿಮೆಯಾದಷ್ಟೂ ತಗಡು ದಪ್ಪ. 12 ಗೇಜ್ ಅಂದರೆ ಸುಮಾರು 2.7 ಮಿ.ಮೀ., 11 ಅಂದರೆ 3 ಮಿ.ಮೀ., 10 ಅಂದರೆ 3.4 ಮಿ.ಮೀ., 7 ಅಂದರೆ 4.5 ಮಿ.ಮೀ. ನಾಲ್ಕು ಎಕರೆಗೆ 10 ಅಥವಾ 11 ಗೇಜಿನ ಬೆಸುಗೆ ಡೆಕ್ ಧಾರಾಳ ಸಾಕು. ನಮ್ಮ ಜಾಗದಲ್ಲಿ ಸ್ವೀಟ್‌ಗಮ್ ಮರದ ಬೇರುಗಳು ನೆಲದಿಂದ ಮೇಲೆದ್ದಿವೆ. ಕಲ್ಲು, ಬೇರು ಇರುವ ಕಡೆ ತೆಳ್ಳಗಿನ ಡೆಕ್ ಬೇಗ ಸೊಟ್ಟಗಾಗುತ್ತದೆ.

ಬ್ಲೇಡು ಕೂರುವ ತಿರುಗಣೆಯೇ ಸ್ಪಿಂಡಲ್. ಎರಕದ ಕಬ್ಬಿಣದ್ದು ಒಳ್ಳೆಯದು, ದಪ್ಪ ಅಲ್ಯೂಮಿನಿಯಂ ಆದರೂ ನಡೆಯುತ್ತದೆ. ಗ್ರೀಸ್ ಹಾಕುವ ನಿಪ್ಪಲ್ ಇದೆಯಾ ನೋಡಿ. ಎಂಜಿನ್ ಆಫ್ ಮಾಡಿ ಕೀ ತೆಗೆದಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಡೀಲರ್ ಹತ್ತಿರವೇ ಬ್ಲೇಡು ಅಲ್ಲಾಡಿಸಿ ತೋರಿಸಲು ಹೇಳಿ. ಮೇಲೆ ಕೆಳಗೆ ಆಡಬಾರದು. ಓಡುವಾಗ ಬ್ಲೇಡಿನ ತುದಿ ಗಂಟೆಗೆ 300 ಕಿ.ಮೀ. ಮೀರಿ ತಿರುಗುತ್ತದೆ. ಸಣ್ಣ ಕಲ್ಲು ಸಿಕ್ಕಿದರೂ ಗುಂಡಿನ ಹಾಗೆ ಹಾರುತ್ತದೆ. ಮಕ್ಕಳು ಅಂಗಳದಲ್ಲಿ ಇರುವಾಗ ಮೋವರ್ ಶುರು ಮಾಡಬೇಡಿ ಅನ್ನುವುದು ಅದಕ್ಕೇ.

ಊರಿಂದ ಬಂದ ಅಪ್ಪ ಅಮ್ಮಂದಿರು ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಯೋಣ ಅನ್ನುತ್ತಾರೆ. ಟ್ರ್ಯಾಕ್ಟರ್ ಮೇಲೆ ಹಾಗೆ ಕೂತು ಬೆಳೆದವರು ನಾವೆಲ್ಲ. ಇಲ್ಲಿ ಅದು ಖಂಡಿತ ಬೇಡ. ಒಂದೇ ಒಂದು ಸುತ್ತೂ ಬೇಡ. ಮೇಲೆ ಕೂತು ಓಡಿಸುವ ಮೋವರನ್ನು 16 ವರ್ಷ ತುಂಬುವ ತನಕ ಮಕ್ಕಳ ಕೈಗೆ ಕೊಡಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ.

ಎಂಜಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ

ಮಧ್ಯಮ ಬೆಲೆಯಲ್ಲಿ ಸಿಗುವುದು ಕವಾಸಾಕಿ, ಕೋಲರ್, ಬ್ರಿಗ್ಸ್ ಆ್ಯಂಡ್ ಸ್ಟ್ರ್ಯಾಟನ್. ಎರಡು ಸಿಲಿಂಡರ್ ಇರಲಿ, ಒತ್ತಡದಲ್ಲಿ ಎಣ್ಣೆ ಹರಿಸುವ ವ್ಯವಸ್ಥೆ ಮತ್ತು ಆಯಿಲ್ ಫಿಲ್ಟರ್ ಇರಲಿ, ಅಷ್ಟು ಸಾಕು. ಕವಾಸಾಕಿಯಲ್ಲಿ ಎಫ್‌ಆರ್ ಸಾಲು ಮನೆ ಬಳಕೆಗೆ. ಎಫ್‌ಎಸ್, ಎಫ್‌ಎಕ್ಸ್ ಅದರ ಮೇಲಿನವು. ಎಫ್‌ಆರ್ 691ಗೆ 726 ಸಿಸಿ, 23 ಹಾರ್ಸ್‌ಪವರ್. 54 ಇಂಚಿಗೆ ಅದು ಚೆನ್ನಾಗಿ ಸಾಲುತ್ತದೆ.

22, 24, 25 ಅಂತ ಹಾರ್ಸ್‌ಪವರ್ ಹೋಲಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಮೋವರ್ ಎಂಜಿನ್‌ಗಳ ಹಾರ್ಸ್‌ಪವರನ್ನು ಹೆಚ್ಚು ಮಾಡಿ ಬರೆದಿದ್ದಾರೆ ಅಂತ ಹಲವು ಕಂಪನಿಗಳ ಮೇಲೆ ಇಲ್ಲಿ ದೊಡ್ಡ ಕೇಸೇ ನಡೆದಿತ್ತು. 2010ರಲ್ಲಿ ವಿಸ್ಕಾನ್ಸಿನ್‌ನ ಫೆಡರಲ್ ಕೋರ್ಟಿನಲ್ಲಿ ಅದು ರಾಜಿಯಾಯಿತು. ಹಾಗಾಗಿ ಆ ಅಂಕಿಯ ಜೊತೆಗೆ ಸಿಸಿ ಎಷ್ಟು ಅಂತಲೂ ನೋಡಿ. ಒಂದೇ 726 ಸಿಸಿ ಎಂಜಿನ್ನು ಮೂರು ಬೇರೆ ಹಾರ್ಸ್‌ಪವರ್ ಹೆಸರಲ್ಲಿ ಬರುತ್ತದೆ.

ಪೆಟ್ರೋಲ್ ಎಥನಾಲ್ ಇಲ್ಲದ್ದು ಸಿಕ್ಕಿದರೆ ಒಳ್ಳೆಯದು. ಶೇ. 10ರ ತನಕ ಎಥನಾಲ್ ಇದ್ದರೂ ನಡೆಯುತ್ತದೆ. ಶೇ. 15ರದ್ದು ಹಾಕಲೇಬೇಡಿ.

ಕೂತು ನೋಡುವುದು

ಈಗ ಕೂರಬಹುದು. ಎಲ್ಲ ವಿಮರ್ಶೆಗಳೂ ಆರಡಿ ಗಂಡಸರ ಅಳತೆಯಲ್ಲೇ ಇರುತ್ತವೆ. ನಾನು ಐದಡಿ ಒಂದಿಂಚು. ಸೀಟು ಪೂರ್ತಿ ಮುಂದೆ ಬಂದ ಮೇಲೂ ಕಾಲು ಡೆಕ್ ಎತ್ತುವ ಪೆಡಲ್ ಮುಟ್ಟಬೇಕು. ಲೀವರ್ ಮುಂದೆ ತಳ್ಳಿದಾಗ ಬೆನ್ನು ಸೀಟಿನಿಂದ ಏಳಬಾರದು. ಹಗುರ ಮೈಯವರಿಗೆ ಇನ್ನೊಂದು ತೊಂದರೆ ಇದೆ. ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತದೆ, ಕೂತವರು ಎದ್ದರೆ ಎಂಜಿನ್ ನಿಲ್ಲಿಸುವುದಕ್ಕೆ. ಉಬ್ಬಿನ ಮೇಲೆ ಮೈ ಸ್ವಲ್ಪ ಎಗರಿದರೂ ಕೆಲವು ಗಾಡಿಗಳು ಎಂಜಿನ್ ಆಫ್ ಮಾಡಿಬಿಡುತ್ತವೆ. ಸ್ವಿಚ್ ಕಿತ್ತು ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಅದು ಜೀವ ಕಾಯುವ ಸ್ವಿಚ್. ತೂಕಕ್ಕೆ ತಕ್ಕ ಹಾಗೆ ಹೊಂದಿಸಬಹುದಾದ ಸಸ್ಪೆನ್ಷನ್ ಸೀಟು ಇರುವುದನ್ನು ಆರಿಸಿ. ಹಳೇ ಹುಲ್ಲುಗಾವಲಿನಂಥ ನೆಲದಲ್ಲಿ ಸೊಂಟದ ದೃಷ್ಟಿಯಿಂದಲೂ ಅದು ಬೇಕು. ಫೆರಿಸ್‌ನವರು ಗಾಡಿಗೇ ಸಸ್ಪೆನ್ಷನ್ ಕೊಡುತ್ತಾರೆ, ಟೋರೋದವರ ಮೈರೈಡ್‌ನಲ್ಲಿ ಸೀಟು, ಕಾಲಿಡುವ ಜಾಗ ಎರಡೂ ಸ್ಪ್ರಿಂಗ್ ಮೇಲೆ ಕೂರುತ್ತವೆ.

ಮಗುಚಿದರೆ ಕಾಪಾಡುವ ಕಬ್ಬಿಣದ ಕಮಾನು ಇದ್ದರೆ, ಅದನ್ನು ಎತ್ತಿ ನಿಲ್ಲಿಸಿ ಸೀಟ್ ಬೆಲ್ಟ್ ಹಾಕಿಕೊಳ್ಳಿ. ಕಮಾನು ಮಡಚಿದಾಗ ಬೆಲ್ಟ್ ಹಾಕಬಾರದು.

ಓಡಿಸಿ ನೋಡದೆ ಕೊಳ್ಳಬೇಡಿ. ಒಳ್ಳೆ ಡೀಲರ್ ಆದರೆ ನಿಮ್ಮ ಜಾಗಕ್ಕೇ ಗಾಡಿ ತಂದು ತೋರಿಸುತ್ತಾನೆ. ಏರಿನ ಮೇಲೆ ನಿಲ್ಲಿಸಿ, ನಿಧಾನವಾಗಿ ಹೊರಡಿಸಿ ನೋಡಿ. ತಿರುಗುವಾಗ ಒಂದು ಚಕ್ರವನ್ನು ಪೂರ್ತಿ ನಿಲ್ಲಿಸಿ ಇನ್ನೊಂದನ್ನು ತಿರುಗಿಸಿದರೆ ನಿಂತ ಚಕ್ರ ಹುಲ್ಲನ್ನು ಬೇರು ಸಮೇತ ಕಿತ್ತು ಹಾಕುತ್ತದೆ. ಎರಡೂ ಚಕ್ರ ಸದಾ ಚೂರಾದರೂ ತಿರುಗುತ್ತಿರಲಿ. ಅಷ್ಟು ನಯವಾಗಿ ಓಡಿಸಲು ಲೀವರ್ ಬಿಡುತ್ತದೆಯಾ ಅನ್ನುವುದು ಅಂಗಡಿಯ ಕಾಂಕ್ರೀಟ್ ಮೇಲೆ ಗೊತ್ತಾಗುವುದಿಲ್ಲ.

ಯಾವುದು, ಯಾರ ಹತ್ತಿರ

ಮಧ್ಯಮ ಬೆಲೆಯವುಗಳಲ್ಲಿ ನಾನು ನೋಡಿ ಅಂತ ಹೇಳುವುದು ಟೋರೋ ಟೈಟನ್, ಗ್ರೇವ್ಲಿ ಝಡ್‌ಟಿ ಎಚ್‌ಡಿ, ಹಸ್ಲರ್ ರಾಪ್ಟರ್ ಸಾಲಿನ ಮೇಲಿನವು, ಸ್ಕ್ಯಾಗ್ ಲಿಬರ್ಟಿ ಝಡ್, ಜಾನ್ ಡಿಯರ್ ಝಡ್530ಎಂ. ಬೆಲೆ ಡೆಕ್ ಮತ್ತು ಊರಿನ ಪ್ರಕಾರ ಬದಲಾಗುತ್ತದೆ. ವರ್ಷದಿಂದ ವರ್ಷಕ್ಕೆ ಹೆಸರು ಅದೇ ಇಟ್ಟು ಒಳಗಿನ ಹೈಡ್ರೋ ಬದಲಿಸುವುದೂ ಇದೆ. ಅದಕ್ಕೇ ಹೆಸರಿಗಿಂತ ಚೀಟಿಯ ನಂಬರ್ ನೋಡಿ ಅನ್ನುವುದು.

ಇವುಗಳಲ್ಲಿ ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ನನ್ನ ಉತ್ತರ ಸರಳ. ನಿಮ್ಮ ಮನೆಯಿಂದ ಅರ್ಧ ಗಂಟೆಯೊಳಗೆ ಯಾವುದರ ರಿಪೇರಿ ಅಂಗಡಿ ಇದೆಯೋ ಅದು. ಮೇ ತಿಂಗಳಲ್ಲಿ ಗಾಡಿ ಕೆಟ್ಟರೆ ಎಷ್ಟು ದಿನದಲ್ಲಿ ಸರಿ ಮಾಡಿ ಕೊಡುತ್ತೀರಿ ಅಂತ ಡೀಲರನ್ನು ನೇರ ಕೇಳಿ. ಇಲ್ಲಿಂದ ಕೊಂಡವರದ್ದು ಮೊದಲು ಮಾಡುತ್ತೀರಾ ಅಂತಲೂ ಕೇಳಿ. ಬೆಲ್ಟ್, ಬ್ಲೇಡು, ಫಿಲ್ಟರ್ ಕೌಂಟರ್ ಹಿಂದೆ ತೂಗು ಹಾಕಿದ್ದಾರಾ ನೋಡಿ. ಫೆಸ್ಕ್ಯೂ ಹುಲ್ಲು ಮೇ ತಿಂಗಳಲ್ಲಿ ಮೂರು ವಾರ ಬಿಟ್ಟರೆ ಮೊಣಕಾಲು ಮುಟ್ಟುತ್ತದೆ. ಆಮೇಲೆ ಒಂದೇ ಸಲ ಕತ್ತರಿಸುವ ಹಾಗೂ ಇಲ್ಲ. ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆದರೆ ಹುಲ್ಲು ಸೊರಗುತ್ತದೆ.

ವಾರಂಟಿ ಓದುವಾಗ ವರ್ಷ, ಗಂಟೆ ಎರಡೂ ಇರುತ್ತದೆ. ಯಾವುದು ಮೊದಲು ಮುಗಿದರೆ ಅದು. ನಮ್ಮ ಕಡೆ ಮಾರ್ಚ್‌ನಿಂದ ನವೆಂಬರ್ ತನಕ ಸೀಸನ್. ಮೂರೂವರೆ ಎಕರೆಗೆ ವರ್ಷಕ್ಕೆ ನಲವತ್ತೈದು ಗಂಟೆ ಓಡುತ್ತದೆ. ಹಾಗಾಗಿ 500 ಗಂಟೆ ಅಂತ ಬರೆದಿದ್ದರೂ ನಮಗೆ ಮೊದಲು ಮುಗಿಯುವುದು ವರ್ಷವೇ. ನಾಲ್ಕು ವರ್ಷ ಕೊಡುವವರು ಎರಡು ವರ್ಷ ಕೊಡುವವರಿಗಿಂತ ನಿಜವಾಗಿಯೂ ಜಾಸ್ತಿ ಕೊಡುತ್ತಿದ್ದಾರೆ. ಎಂಟು ಹತ್ತು ಎಕರೆ ಇರುವವರು ಮಾತ್ರ ಗಂಟೆಯ ಕಡೆ ಕಣ್ಣಿಡಬೇಕು.

ಸಾಧ್ಯವಾದರೆ ಅಕ್ಟೋಬರ್, ನವೆಂಬರ್ ತನಕ ಕಾಯಿರಿ. ಏಪ್ರಿಲ್‌ನಲ್ಲಿ ಎಲ್ಲರಿಗೂ ಮೋವರ್ ಬೇಕು, ಡೀಲರ್‌ಗೆ ಬೆಲೆ ಇಳಿಸುವ ಅಗತ್ಯ ಇಲ್ಲ. ಸೀಸನ್ ಮುಗಿದ ಮೇಲೆ ಉಳಿದ ಗಾಡಿಗಳನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಲು ಅವರಿಗೂ ಇಷ್ಟವಿಲ್ಲ. ಸಾಗಣೆ, ಜೋಡಣೆ ಅಂತ ಕೊನೆಯಲ್ಲಿ ಸೇರಿಸುವ ಖರ್ಚನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಬಡ್ಡಿಯಿಲ್ಲದ ಕಂತು ಇದೆ ಅಂತ ಡೀಲರ್ ಹೇಳಿದರೆ, ಅದರ ಬದಲು ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಅಂತಲೂ ವಿಚಾರಿಸಿ.

ಇದೇ ದುಡ್ಡಿಗೆ ಹುಲ್ಲು ಕತ್ತರಿಸುವ ಕಸುಬಿನವರು ಬಳಸಿದ ದೊಡ್ಡ ಗಾಡಿಯೂ ಸಿಗುತ್ತದೆ. ಸ್ವಲ್ಪ ಮೆಷಿನ್ ಜ್ಞಾನ ಇದ್ದರೆ ಒಳ್ಳೆ ವ್ಯಾಪಾರ. ನೋಡಲು ಹೋದಾಗ ಮೊದಲು ಎಂಜಿನ್ ಹತ್ತಿರ ಕೈ ಹಿಡಿಯಿರಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ತಣ್ಣಗಿದ್ದಾಗ ಹೇಗೆ ಏಳುತ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಇನ್ನೊಂದು ದಿನ ಬರುತ್ತೇನೆ ಅನ್ನಿ. ಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗಿದೆಯಾ, ಡೆಕ್ ಬೆಸುಗೆಯಲ್ಲಿ ಬಿರುಕು ಇದೆಯಾ ನೋಡಿ. ಹೈಡ್ರೋ ಪರೀಕ್ಷೆಗೆ ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ಪೂರ್ತಿ ಬಿಸಿಯಾದ ಮೇಲೆ ಎರಡೂ ಲೀವರ್ ಸಮನಾಗಿ ತಳ್ಳಿ ಏರು ಹತ್ತಿಸಿ. ಗಾಡಿ ಒಂದು ಕಡೆ ಎಳೆದರೆ ಕಾರಣ ಕೇಳಿ. ಗಾಳಿ ಕಡಿಮೆ ಇದ್ದರೂ ಹಾಗಾಗುತ್ತದೆ, ಲೀವರ್ ಹೊಂದಾಣಿಕೆ ತಪ್ಪಿದ್ದರೂ ಆಗುತ್ತದೆ. ಅವೆರಡೂ ಸರಿ ಇದ್ದು ಬಿಸಿಯಾದಾಗ ಮಾತ್ರ ಎಳೆಯುತ್ತದೆ ಅಂದರೆ ಆ ಗಾಡಿ ಬಿಟ್ಟುಬಿಡಿ.

ಊರಿನ ಅಡಿಕೆ ತೋಟಕ್ಕೆ ಇಂಥದ್ದು ತರಿಸಬಹುದಾ ಅಂತ ತಮ್ಮ ಕೇಳುತ್ತಿದ್ದ. ಬೇಡ ಅಂದೆ. ಬಸಿಗಾಲುವೆ, ಒತ್ತಾದ ಮರ, ಜೌಗು ನೆಲ ಇರುವಲ್ಲಿ ಇದು ಹತ್ತು ಅಡಿಯೂ ಓಡುವುದಿಲ್ಲ. ಅಲ್ಲಿಗೆ ಹೆಗಲಿಗೆ ಹಾಕುವ ವೀಡ್ ಕಟರೇ ಸರಿ.

ಮನೆಗೆ ಬಂದ ಮೇಲೆ

ಮೊದಲ ದಿನವೇ ನಾಲ್ಕೂ ಚಕ್ರದ ಗಾಳಿ ನೋಡಿ. ಒಂದರಲ್ಲಿ ಹೆಚ್ಚು ಒಂದರಲ್ಲಿ ಕಡಿಮೆ ಇದ್ದರೆ ಡೆಕ್ ಓರೆಯಾಗುತ್ತದೆ, ಹುಲ್ಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಫೆಸ್ಕ್ಯೂ ಹುಲ್ಲಿಗೆ ಎತ್ತರ 3ರಿಂದ ಮೂರೂವರೆ ಇಂಚು ಇಡಿ. ಕಿವಿಗೆ ಶಬ್ದ ತಡೆಯುವ ಮಫ್ ಹಾಕಿಕೊಳ್ಳಿ. ಮೊದಲ ಕೆಲವು ಸಲ ಅರ್ಧ ವೇಗದಲ್ಲೇ ಓಡಿಸಿ, ಕೈ ಪಳಗಲಿ.

ಎಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಹೈಡ್ರೋ ಎಣ್ಣೆ. ಝಡ್‌ಟಿ-2800, 3100ರಲ್ಲಿ ಮೊದಲ ಸಲ 75 ಗಂಟೆಗೆ, ಆಮೇಲೆ ಪ್ರತಿ 400 ಗಂಟೆಗೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಬೇಕು. ಹೊಸ ಗಿಯರುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಆ ಮೊದಲ ಎಣ್ಣೆಯಲ್ಲೇ ಇರುತ್ತದೆ. ಹಾಗಾಗಿ 75ರ ಬದಲಾವಣೆಯೇ ಎಲ್ಲಕ್ಕಿಂತ ಮುಖ್ಯ. ನಮ್ಮಂಥ ಜಾಗಕ್ಕೆ ಅದು ಎರಡನೇ ವರ್ಷದಲ್ಲಿ ಬರುತ್ತದೆ. ಎಣ್ಣೆ 20ಡಬ್ಲ್ಯು-50. ತುಂಬಿದ ಮೇಲೆ ಒಳಗೆ ಗಾಳಿ ಉಳಿಯುತ್ತದೆ, ಅದನ್ನು ತೆಗೆಯದೆ ಓಡಿಸಬಾರದು. ಹಿಂದಿನ ಚಕ್ರಗಳನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ಭದ್ರವಾಗಿ ಎತ್ತಿ ನಿಲ್ಲಿಸಿ, ಕೈಪಿಡಿಯಲ್ಲಿ ಹೇಳಿದ ಹಾಗೆ ಲೀವರ್‌ಗಳನ್ನು ನಿಧಾನಕ್ಕೆ ಮುಂದೆ ಹಿಂದೆ ಆಡಿಸಿ. ಮೊದಲು ಕರಕರ ಸದ್ದು ಬರುತ್ತದೆ. ಸದ್ದು ನಿಂತ ಮೇಲೆ ಎಣ್ಣೆಯ ಮಟ್ಟ ಮತ್ತೊಮ್ಮೆ ನೋಡಿ, ಕಡಿಮೆಯಾದಷ್ಟು ತುಂಬಿ. ಈ ಕೆಲಸಕ್ಕೆ ಬೇಕಾದ ಎಣ್ಣೆ ಮತ್ತು ಫಿಲ್ಟರ್ ಕಿಟ್ಟನ್ನು ಗಾಡಿ ಕೊಳ್ಳುವ ದಿನವೇ ಡೀಲರ್ ಹತ್ತಿರ ಕೇಳಿ. ವ್ಯಾಪಾರ ಕುದುರುವ ಹೊತ್ತಿನಲ್ಲಿ ಕೇಳಿದರೆ ಎಷ್ಟೋ ಸಲ ಸುಮ್ನೆ ಕೊಟ್ಟುಬಿಡುತ್ತಾರೆ.